ವ್ಯಾಧಿ ನೀಗಿದ ಮೇಲೂ ಉಳಿಯುವ ನೋವು: ಕಾನೂನಿನ ಆಶ್ರಯ

ಕುಷ್ಠರೋಗವು ಬಹುಔಷಧ ಚಿಕಿತ್ಸೆಯಿಂದ ಆರು ತಿಂಗಳಲ್ಲೋ ಒಂದು ವರ್ಷದಲ್ಲೋ ಗುಣವಾಗುವ ವ್ಯಾಧಿಯೆಂಬುದು ಇಂದು ನಿಸ್ಸಂಶಯವಾದರೂ, ರೋಗಾಣು ನಾಶವಾದ ಬಳಿಕವೂ ಅದು ಘಾಸಿಗೊಳಿಸಿದ ನರಗಳು ಪೂರ್ವಸ್ಥಿತಿಗೆ ಮರಳದೆ, ಕೈಕಾಲುಗಳಲ್ಲಿ ಉರಿಯನ್ನೂ ಜೋಮನ್ನೂ ಸೆಳೆತವನ್ನೂ ವರ್ಷಗಟ್ಟಲೆ ಉಳಿಸಿಬಿಡುವುದುಂಟು. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡ ಅನೇಕರ ಪಾಡೂ ಇದೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ರಾಣೆಬೆನ್ನೂರಿನ ಸುತ್ತಣ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳಿಗೆ ಬೆರಳ ತುದಿಯೇ ಜೀವನೋಪಾಯವಾಗಿರುವಾಗ, ‘ರೋಗ ವಾಸಿಯಾಯಿತಲ್ಲ’ ಎಂಬ ಮಾತು ಅವರಿಗೆ ಎಷ್ಟರ ಸಮಾಧಾನ ತಂದೀತು?

2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, ಹಿಂದಿನ ಕಾಯಿದೆಯ ಏಳು ಬಗೆಯ ವೈಕಲ್ಯಗಳನ್ನು ಇಪ್ಪತ್ತೊಂದಕ್ಕೆ ವಿಸ್ತರಿಸಿ, ಕುಷ್ಠದಿಂದ ಗುಣಹೊಂದಿಯೂ ಕೈಕಾಲುಗಳ ಸ್ಪರ್ಶಜ್ಞಾನ ಕಳೆದುಕೊಂಡವರನ್ನೂ, ದೀರ್ಘಕಾಲಿಕ ನರವ್ಯಾಧಿಯುಳ್ಳವರನ್ನೂ ತನ್ನ ಆಶ್ರಯಕ್ಕೆ ತೆಗೆದುಕೊಂಡಿದೆ. ವೈಕಲ್ಯ ಪ್ರಮಾಣಪತ್ರಕ್ಕೂ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಕಾರ್ಡಿಗೂ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ನಿಗದಿಯಾದ ದಿನ ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗತಕ್ಕದ್ದು. ಅರ್ಜಿ ತುಂಬಲು ಬಾರದವರಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು, ಅವರಿರುವುದೇ ಅದಕ್ಕಾಗಿ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಮನಗಾಣಬೇಕು. ವೈದ್ಯರು ವೈಕಲ್ಯದ ಶೇಕಡಾವಾರನ್ನು ನಿರ್ಣಯಿಸುವುದು ಮುಖ್ಯವಾಗಿ ಕೀಲುಗಳ ಚಲನೆ, ಸ್ನಾಯುಬಲ, ಸ್ಪರ್ಶಜ್ಞಾನ ಇವುಗಳಲ್ಲಾದ ನಷ್ಟವನ್ನು ಅಳೆದು. ಬರಿಯ ನೋವಿಗೆ ಆ ಲೆಕ್ಕದಲ್ಲಿ ದೊರೆಯುವ ಸ್ಥಾನ ಅತ್ಯಲ್ಪ. ನೋವು ಕಣ್ಣಿಗೆ ಕಾಣದ್ದಾದ್ದರಿಂದ, ‘ಬಹಳ ನೋಯುತ್ತದೆ’ ಎಂದಷ್ಟೇ ಹೇಳಿ ಬರಿಗೈಯಲ್ಲಿ ಮರಳಿದವರುಂಟು. ಆದುದರಿಂದ ಚಿಕಿತ್ಸೆಯ ಹಳೆಯ ಚೀಟಿಗಳನ್ನೂ ನರ್ವ್ ಕಂಡಕ್ಷನ್ ಪರೀಕ್ಷೆಯ ವರದಿಯನ್ನೂ ಜೋಪಾನಮಾಡಿ ಕೊಂಡೊಯ್ಯಬೇಕು. ಯಾವ ವಸ್ತು ಹಿಡಿತಕ್ಕೆ ನಿಲ್ಲದು, ಎಷ್ಟು ದೂರ ನಡೆಯಲಾಗದು, ಬಿಸಿ ತಣ್ಣಗಿನ ಭೇದ ತಿಳಿಯದೆ ಎಲ್ಲಿ ಗಾಯವಾಯಿತು ಎಂಬುದನ್ನು ಬಿಡಿಸಿ ಹೇಳಿ ಬರೆಸಬೇಕು. ಪ್ರಮಾಣಪತ್ರವನ್ನು ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸುವುದು ಪ್ರಾಧಿಕಾರದ ಕರ್ತವ್ಯ; ಆ ನಿರ್ಣಯದ ವಿರುದ್ಧ 59ನೆಯ ಕಲಮಿನನ್ವಯ ಮೇಲ್ಮನವಿಗೆ ಅವಕಾಶವಿದೆ.

ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇಕಡಾ 40ರ ಮಿತಿಯುಂಟೆಂಬುದು ನಿಜವಾದರೂ, ಅದಕ್ಕಿಂತ ಕಡಮೆಯವರಿಗೆ ಹಕ್ಕೇ ಇಲ್ಲವೆಂದು ತಿಳಿಯುವುದು ತಪ್ಪು. ಬರೆಯುವಾಗ ಕೈ ಸೆಡೆತುಕೊಳ್ಳುವ ನರದೋಷವಿದ್ದ ಅಭ್ಯರ್ಥಿಯೊಬ್ಬನಿಗೆ ಲಿಪಿಕಾರನ ನೆರವು ನಿರಾಕರಿಸಲ್ಪಟ್ಟಾಗ, ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ, ವಿಕಾಸ್ ಕುಮಾರ್ ಪ್ರಕರಣದಲ್ಲಿ, ಸೂಕ್ತ ಅನುಕೂಲ ಕಲ್ಪಿಸುವ ಹೊಣೆಗೆ ಈ ಮಿತಿ ಅಡ್ಡಬಾರದೆಂದು ತೀರ್ಪಿತ್ತಿತು. ಕೈಯ ನೋವಿನಿಂದ ಪರೀಕ್ಷೆ ಬರೆಯಲಾರದ ನಮ್ಮ ಮಕ್ಕಳ ತಂದೆತಾಯಿಗಳು ಈ ತೀರ್ಪನ್ನು ಅವಶ್ಯವಾಗಿ ಅರಿತಿರಬೇಕು.

ಸರಕಾರಿ ಸೇವೆಯಲ್ಲಿರುವಾಗಲೇ ವೈಕಲ್ಯ ಪ್ರಾಪ್ತವಾದವರನ್ನು, ಉದಾಹರಣೆಗೆ ಕಾಲಿನ ಬಲಗುಂದಿದ ಸಾರಿಗೆ ಸಂಸ್ಥೆಯ ಚಾಲಕನನ್ನು, ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯಿಂದ ಇಳಿಸುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕೆಂದು 2016ರ ಅಧಿನಿಯಮದ 20ನೆಯ ಕಲಮು ವಿಧಿಸುತ್ತದೆ. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಎಣಿಸುತ್ತಿದ್ದ ಅನ್ಯಾಯವೂ ವೈಯಕ್ತಿಕ ಕಾನೂನುಗಳ 2019ರ ತಿದ್ದುಪಡಿಯಿಂದ ಕೊನೆಗಂಡಿತು.

ವಕೀಲರಿಗೆ ತೆರಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ವಿಕಲಚೇತನರೂ ಸಕಲ ಸ್ತ್ರೀಯರೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿರುವುದರಿಂದ, ತೊಟ್ಟು ಬಿಡಿಸುವ ಹೆಣ್ಣುಮಗಳು ಪ್ರಮಾಣಪತ್ರ ಕೈಸೇರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ, ರಾಣೆಬೆನ್ನೂರು, ಬ್ಯಾಡಗಿಗಳ ತಾಲ್ಲೂಕು ಸಮಿತಿಗಳನ್ನೋ ಕಾಣಿರಿ. ಹೋಗಲಾಗದಿದ್ದರೆ 15100 ಸಂಖ್ಯೆಗೆ ಕರೆಮಾಡಿರಿ. ಪ್ರಮಾಣಪತ್ರ ನಿರಾಕರಿಸಿದರೆ ಅದರ ಕಾರಣವನ್ನು ಬರೆಹದಲ್ಲಿ ಪಡೆಯದೆ ಮಾತ್ರ ಆಸ್ಪತ್ರೆಯಿಂದ ಹಿಂದಿರುಗಬೇಡಿರಿ.