ಅನ್ನದ ಹಾದಿಯ ಹೆಸರುಗಳು

'ಹೊಟ್ಟೆ' ಎಂಬುದು ನಮ್ಮ ನುಡಿಯಲ್ಲಿ ಬಹಳ ಭಾರ ಹೊತ್ತಿರುವ ಮಾತು. ಹಸಿದರೂ ಹೊಟ್ಟೆ, ನೆರೆಯವನ ಏಳಿಗೆಯನ್ನು ಕಂಡು ಕರುಬಿದರೂ ಹೊಟ್ಟೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮ್ಮ ಹಿರಿಯರ ಕಥೆಯಲ್ಲಿಯೂ ಹೊಟ್ಟೆಯೇ. ಲೋಕದ ಮಾತುಕತೆಗೆ ಇಷ್ಟು ಸಾಕು. ಆದರೆ ವೈದ್ಯರ ಎದುರಿಗೆ ಕುಳಿತು "ಹೊಟ್ಟೆ ನೋಯುತ್ತದೆ" ಎಂದರೆ ಅವರಿಗೆ ತಿಳಿಯುವುದು ಅತ್ಯಲ್ಪ. ಎದೆಗೂಡಿನ ಕೆಳಗಿನಿಂದ ತೊಡೆಯ ಸಂದಿನವರೆಗೆ ಹರಡಿರುವ ಆ ಪ್ರದೇಶದಲ್ಲಿ ಜಠರವಿದೆ, ಯಕೃತ್ತಿದೆ, ಪಿತ್ತಕೋಶವಿದೆ, ಮಡಿಕೆ ಮಡಿಕೆಯಾಗಿ ಕರುಳು ಇದೆ. ನೋವು ಇವುಗಳಲ್ಲಿ ಯಾವುದರದು?

ಮುಂಬಯಿಯಂಥ ನಗರದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ವೈದ್ಯರು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಪ್ರಶ್ನೆ ಕೇಳುತ್ತಾರೆ. ಊರಿನಿಂದ ಬಂದ ಅಜ್ಜಿ ಕನ್ನಡದಲ್ಲಿ ಉತ್ತರ ಹೇಳುತ್ತಾಳೆ. ನಡುವೆ ನಿಂತು ಮಾತನ್ನು ಆಚೆಗೂ ಈಚೆಗೂ ದಾಟಿಸುವ ಕೆಲಸ ಶಾಲೆಗೆ ಹೋಗುವ ಮೊಮ್ಮಗನದೋ ಮೊಮ್ಮಗಳದೋ ಆಗುತ್ತದೆ. ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಅನೇಕರು ಈ ಕೆಲಸವನ್ನು ಮಾಡಿಯೇ ಇದ್ದೀರಿ. ಆದುದರಿಂದ ನಾವು ಉಂಡ ಅನ್ನವು ಸಾಗುವ ಹಾದಿಯ ಹೆಸರುಗಳಲ್ಲಿ ಕೆಲವನ್ನು ಇಲ್ಲಿ ಬಿಡಿಸಿ ನೋಡೋಣ. ಬಿಡಿಸಿ ತಿಳಿದ ಹೆಸರನ್ನು ಮರೆಯುವುದು ಕಷ್ಟ.

ಹಾದಿಯ ಮೊದಲು ಬಾಯಿ. ಇಲ್ಲಿ ಒಸರುವ ದ್ರವಕ್ಕೆ ಪಠ್ಯಪುಸ್ತಕದಲ್ಲಿ ಲಾಲಾರಸವೆಂದು ಹೆಸರು. ಮನೆಯ ಕನ್ನಡದಲ್ಲಾದರೋ ಇದಕ್ಕೆ ಮೂರು ಹೆಸರುಗಳುಂಟು. ಮಗುವಿನ ಬಾಯಿಯಿಂದ ತಾನಾಗಿ ಸುರಿದರೆ ಅದು ಜೊಲ್ಲು. ಬೇಕೆಂದೇ ಹೊರಹಾಕಿದರೆ ಉಗುಳು. ತಟ್ಟೆಗೋ ಲೋಟಕ್ಕೋ ತಗುಲಿದರೆ ಎಂಜಲು. ದ್ರವ ಒಂದೇ, ಹೆಸರುಗಳನ್ನು ಬೇರೆ ಮಾಡಿದುದು ನಮ್ಮ ಆಚಾರ. ಶಾಸ್ತ್ರಕ್ಕೆ ಬೇಕಾದುದು ಇಂಥ ಯಾವ ವಾಸನೆಯೂ ಅಂಟದ ಹೆಸರು, ಒಂದು ವಸ್ತುವಿಗೆ ಒಂದೇ ಹೆಸರು. ಪಾರಿಭಾಷಿಕ ಪದವೆಂದರೆ ಇದೇ. ಲಾಲಾರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯೆನಿಸುವುದಕ್ಕೆ ಇದೇ ಕಾರಣ. 'ಕಿಣ್ವ'ವೆಂದರೆ ಸಂಸ್ಕೃತದಲ್ಲಿ ಮದ್ಯವನ್ನು ಹುದುಗಿಸಲು ಹಾಕುವ ಪದಾರ್ಥ. 19ನೆಯ ಶತಮಾನದಲ್ಲಿ ಜರ್ಮನಿಯ ಕ್ಯೂನೆ ಎಂಬ ವಿಜ್ಞಾನಿ ಗ್ರೀಕ್ ಪದಗಳಿಂದ ಕಟ್ಟಿದ 'ಎಂಜೈಮ್' ಎಂಬ ಮಾತಿಗೂ 'ಹುದುಗಿನೊಳಗಿರುವುದು' ಎಂದೇ ಅರ್ಥ. ಮದ್ಯದ ಗಡಿಗೆಯಿಂದ ಎದ್ದುಬಂದ ಎರಡು ಮಾತುಗಳು ಇಂದು ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಬಹು ಗೌರವದಿಂದ ಕುಳಿತಿವೆ!

ಮುಂದೆ ಅನ್ನನಾಳ. ಸುಮಾರು 25 ಸೆಂಟಿಮೀಟರ್ ಉದ್ದದ ಈ ಕೊಳವೆ ಹೃದಯದ ಹಿಂಬದಿಯಿಂದ ಇಳಿದು ಜಠರವನ್ನು ಸೇರುತ್ತದೆ. ಜಠರದ ಹುಳಿರಸವು ಮೇಲಕ್ಕೆ ನುಗ್ಗಿ ಈ ಕೊಳವೆಯನ್ನು ಸುಟ್ಟರೆ ನಾವು 'ಎದೆಯುರಿ' ಎನ್ನುತ್ತೇವೆ. ಇಂಗ್ಲಿಷಿನವರು ಅದನ್ನು ಹೃದಯದ ಉರಿಯೆಂದೇ ಕರೆದಿದ್ದಾರೆ; ಪ್ರಾಚೀನ ಗ್ರೀಕರೂ ಜಠರದ ಮೇಲ್ಬಾಯಿಗೆ ಹೃದಯದ ಹೆಸರನ್ನೇ ಇಟ್ಟು 'ಕಾರ್ಡಿಯ' ಎಂದರು. ಎರಡೂ ಒಂದೇ ಎಡೆಯಲ್ಲಿ ಇರುವುದರಿಂದ ಹೆಸರುಗಳು ಹೀಗೆ ಕಲೆತುಹೋದವು. ಹೆಸರುಗಳು ಕಲೆತರೆ ಹಾನಿಯಿಲ್ಲ. ರೋಗಗಳು ಕಲೆತರೆ ಪ್ರಾಣಕ್ಕೆ ಅಪಾಯ. ಹೃದಯಾಘಾತದ ನೋವು ಕೆಲವರಿಗೆ ಮೇಲ್ಹೊಟ್ಟೆಯಲ್ಲಿಯೇ ತೋರುತ್ತದೆ. ಅದನ್ನು 'ಗ್ಯಾಸ್' ಎಂದು ಹೇಳಿ ಸೋಡ ಕುಡಿದು ಮಲಗುವವರು ನಮ್ಮಲ್ಲಿ ಕಡಿಮೆಯಿಲ್ಲ. ನಡುವಯಸ್ಸು ದಾಟಿದವರು ಎದೆ ಹಿಂಡಿದಂತಾಗಿ, ಬೆವತು, ತೋಳಿಗೋ ದವಡೆಗೋ ನೋವು ಹರಿಯುತ್ತದೆಂದು ಹೇಳಿದರೆ, ನೀವು ವೈದ್ಯರಿಗೆ ದಾಟಿಸಬೇಕಾದುದು 'ಗ್ಯಾಸ್' ಎಂಬ ಅವರ ತೀರ್ಮಾನವನ್ನಲ್ಲ, ಆ ಲಕ್ಷಣಗಳನ್ನು, ಅದೂ ತಡಮಾಡದೆ.

ಜಠರದಲ್ಲಿ ನಡೆಯುವ ಕಾರ್ಯಕ್ಕೆ ನಮ್ಮಲ್ಲಿ ಮೂರು ಮಾತುಗಳಿವೆ. ಕನ್ನಡದ್ದೇ ಆದ 'ಅರಗು' ಎಂಬುದು ಕರಗುವುದನ್ನು ನೆನಪಿಗೆ ತರುತ್ತದೆ. 'ಜೀರ್ಣ'ವೆಂದರೆ ಸವೆದುದು, ಹಳತಾದುದು. ದೇವಾಲಯದ ಜೀರ್ಣೋದ್ಧಾರದಲ್ಲಿರುವ ಜೀರ್ಣವೂ ಇದೇ. 'ಪಚನ'ವೆಂದರೆ ಬೇಯುವುದು, ಜಠರವನ್ನು ಒಲೆಯೆಂದು ಭಾವಿಸಿ ಅದರೊಳಗೆ ಜಠರಾಗ್ನಿಯನ್ನು ನಮ್ಮ ಪೂರ್ವಿಕರು ಹೊತ್ತಿಸಿದರು. ಗ್ರೀಕರ 'ಪೆಪ್ಸಿಸ್' ಕೂಡ ಬೇಯುವುದೇ, ಮತ್ತು ಭಾಷಾಶಾಸ್ತ್ರಜ್ಞರ ಪ್ರಕಾರ ಸಂಸ್ಕೃತದ 'ಪಚ್' ಧಾತುವಿಗೆ ಅದು ಒಡಹುಟ್ಟಿದ್ದು. 1836ರಲ್ಲಿ ಥಿಯೊಡೋರ್ ಶ್ವಾನ್ ಎಂಬ ವಿಜ್ಞಾನಿ ಜಠರರಸದಲ್ಲಿ ಕಂಡ ಕಿಣ್ವಕ್ಕೆ 'ಪೆಪ್ಸಿನ್' ಎಂದು ಹೆಸರಿಟ್ಟುದು ಆ ಮಾತಿನಿಂದಲೇ. ಜಠರದಲ್ಲಿ ಬೆಂಕಿಯಿಲ್ಲ, ಹೈಡ್ರೋಕ್ಲೋರಿಕ್ ಆಮ್ಲವಿದೆ ಎಂಬುದು ಈಗ ನಮಗೆ ಗೊತ್ತು; ಆದರೂ ಹೆಸರಿನಲ್ಲಿ ಒಲೆ ಇನ್ನೂ ಆರಿಲ್ಲ. ಜಠರದ ಕೆಳಬಾಯಿಯಲ್ಲಿ ಸ್ನಾಯುವಿನ ಬಳೆಯೊಂದು ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಿಡುತ್ತದೆ. ಅದರ ಹೆಸರು ಪೈಲೋರಸ್, ಅಂದರೆ ದ್ವಾರಪಾಲಕ.

ಆ ಬಾಗಿಲನ್ನು ದಾಟಿದರೆ ಸಣ್ಣ ಕರುಳು. ಸುಮಾರು 6 ಮೀಟರ್ ಉದ್ದದ್ದು 'ಸಣ್ಣ', ಒಂದೂವರೆ ಮೀಟರಿನದು 'ದೊಡ್ಡ' ಎಂಬುದನ್ನು ಕಂಡು ಕೆಲವು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಿರುವುಮುರುವಾಗಿ ಬರೆಯುವುದುಂಟು. 'ಸಣ್ಣ ದಾರ' ಎನ್ನುವಾಗ ನಾವು ದಾರದ ಉದ್ದವನ್ನು ಹೇಳುವುದಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ. ಸಣ್ಣ ಕರುಳಿನ ಮೊದಲ ಭಾಗ ಡುವೋಡಿನಮ್. ಕ್ರಿ.ಪೂ. 3ನೆಯ ಶತಮಾನದ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿದ್ದ ಹೆರೋಫಿಲಸ್ ಎಂಬ ವೈದ್ಯನು ಇದನ್ನು ಬೆರಳಿನಿಂದ ಅಳೆದು 'ಹನ್ನೆರಡು ಅಂಗುಲದ್ದು' ಎಂದು ಗ್ರೀಕಿನಲ್ಲಿ ಕರೆದನು. ಆ ಹೆಸರನ್ನು ಅರಬ್ಬೀ ವೈದ್ಯರು ತಮ್ಮ ಭಾಷೆಗೆ ತಿರುಗಿಸಿಕೊಂಡರು; 12ನೆಯ ಶತಮಾನದಲ್ಲಿ ಸ್ಪೇನಿನ ಟೊಲೆಡೊ ನಗರದಲ್ಲಿ ಕುಳಿತು ಇಬ್ನ್ ಸೀನಾನ ವೈದ್ಯಗ್ರಂಥವನ್ನು ಅನುವಾದಿಸಿದ ಕ್ರೆಮೋನದ ಗೆರಾರ್ಡನು ಅದನ್ನು ಲ್ಯಾಟಿನ್ನಿಗೆ ತಂದನು. ಗ್ರೀಕಿನಿಂದ ಅರಬ್ಬಿಗೆ, ಅರಬ್ಬಿಯಿಂದ ಲ್ಯಾಟಿನ್ನಿಗೆ ಮೂರು ನಾಡುಗಳನ್ನು ಸುತ್ತಿ ಬಂದರೂ ಆ ಹನ್ನೆರಡು ಬೆರಳು ಅಳಿಸಿಹೋಗಲಿಲ್ಲ. ನಮ್ಮ ಆಯುರ್ವೇದವು ಜಠರಾಗ್ನಿಯ ನೆಲೆಯನ್ನು 'ಗ್ರಹಣಿ' ಎಂದಿತು, ಅಂದರೆ ಅನ್ನವನ್ನು ಹಿಡಿದಿಟ್ಟುಕೊಳ್ಳುವುದು. ಹಿಂದಿಯ ವಿಜ್ಞಾನ ಪುಸ್ತಕಗಳಲ್ಲಿ ಡುವೋಡಿನಮ್ಮಿಗೆ ಇಂದಿಗೂ ಇದೇ ಹೆಸರು. ಅದರ ಮುಂದಿನ ಭಾಗವಾದ ಜೆಜುನಮ್ ಎಂದರೆ ಉಪವಾಸವಿರುವುದು. ಶವವನ್ನು ಸೀಳಿ ನೋಡಿದಾಗ ಅದು ಬರಿದಾಗಿ ಕಂಡುದರಿಂದ ಈ ಹೆಸರು ಬಂದಿತು. ದಿನವೂ ಉಣ್ಣುವ ಕರುಳಿಗೆ ಉಪವಾಸಿಯೆಂಬ ಬಿರುದು!

ಈ ಹಾದಿಯ ಪಕ್ಕದಲ್ಲಿ ಕುಳಿತು ರಸಗಳನ್ನು ಒದಗಿಸುವ ಗ್ರಂಥಿಗಳಲ್ಲಿ ಎರಡು ಮುಖ್ಯ. ಒಂದನ್ನು ಗ್ರೀಕರು 'ಪಾಂಕ್ರಿಯಾಸ್' ಎಂದರು: ಎಲ್ಲವೂ ಮಾಂಸ, ಎಲುಬಿಲ್ಲ ಎಂಬುದು ಇದರ ಅರ್ಥ. ಇದು ನೋಟದಿಂದ ಬಂದ ಹೆಸರು. ಅದಕ್ಕೆ ನಮ್ಮ ಪಠ್ಯಪುಸ್ತಕಗಳ ಹೆಸರು ಮೇದೋಜೀರಕ ಗ್ರಂಥಿ. ಮೇದಸ್ಸು ಎಂದರೆ ಕೊಬ್ಬು, ಜೀರಕವೆಂದರೆ ಜೀರ್ಣಿಸುವುದು. ಇದು ಕೆಲಸದಿಂದ ಬಂದ ಹೆಸರಾದುದರಿಂದ ಹೆಚ್ಚು ಅರ್ಥವತ್ತಾಗಿದೆಯೆಂದು ನನ್ನ ಅಭಿಪ್ರಾಯ. ಆದರೆ ಅದು ಕೆಲಸದ ಒಂದು ಪಾಲನ್ನು ಮಾತ್ರ ಹೇಳುತ್ತದೆ, ಏಕೆಂದರೆ ಈ ಗ್ರಂಥಿಯು ಪಿಷ್ಟವನ್ನೂ ಪ್ರೋಟೀನನ್ನೂ ಒಡೆಯುವ ಕಿಣ್ವಗಳನ್ನು ಕೊಡುತ್ತದೆ, ಇನ್ಸುಲಿನ್ನನ್ನೂ ರಕ್ತಕ್ಕೆ ಬಿಡುತ್ತದೆ. (ಅಡುಗೆಮನೆಯ ಜೀರಿಗೆಯೂ ಸಂಸ್ಕೃತದಲ್ಲಿ ಜೀರಕವೇ, ಅರಗಿಸುವ ಗುಣದಿಂದ ಆ ಹೆಸರೆಂದು ಆಯುರ್ವೇದದವರು ವಿವರಿಸುತ್ತಾರೆ.) ಇನ್ನೊಂದು ಯಕೃತ್ತು. ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಇದಕ್ಕೆ ಪಿತ್ತಜನಕಾಂಗವೆಂಬ ಹೆಸರೂ ಉಂಟು. 'ಯಕೃತ್' ಮತ್ತು ಗ್ರೀಕರ 'ಹೆಪಾರ್' ಒಂದೇ ಮೂಲದಿಂದ ಬಂದವು ಎಂದರೆ ನಿಮಗೆ ಆಶ್ಚರ್ಯವಾದೀತು.

ಆ ಹೆಪಾರಿನಿಂದಲೇ 'ಹೆಪಟೈಟಿಸ್' ಎಂಬ ರೋಗದ ಹೆಸರು. ಕೊನೆಯಲ್ಲಿರುವ 'ಐಟಿಸ್' ಎಂಬುದನ್ನು ಗಮನವಿಟ್ಟು ನೋಡಿರಿ. ಅದು ಬಂದಲ್ಲೆಲ್ಲ ಉರಿಯೂತವೆಂದು ತಿಳಿಯತಕ್ಕದ್ದು. ಗ್ಯಾಸ್ಟ್ರೈಟಿಸ್ ಜಠರದ ಉರಿಯೂತ, ಅಪೆಂಡಿಸೈಟಿಸ್ ಅಪೆಂಡಿಕ್ಸಿನ ಉರಿಯೂತ. ಕೋಲಿಸಿಸ್ಟೈಟಿಸ್ ಎಂಬ ಭಯಂಕರವಾದ ಪದವನ್ನು ಒಡೆದರೆ ಕೋಲೆ ಪಿತ್ತ, ಸಿಸ್ಟ್ ಕೋಶ, ಐಟಿಸ್ ಉರಿಯೂತ: ಪಿತ್ತಕೋಶದ ಉರಿಯೂತ. ನಮ್ಮ ಸಮಾಸಕ್ಕೂ ಇದಕ್ಕೂ ಏನು ಭೇದ? 'ಎಕ್ಟಮಿ' ಎಂದು ಮುಗಿದರೆ ಕತ್ತರಿಸಿ ತೆಗೆಯುವುದು, 'ಸ್ಕೋಪಿ' ಎಂದರೆ ಉಪಕರಣದಿಂದ ಒಳಗೆ ನೋಡುವುದು. ಉರಿಯೂತವೆಂಬ ನಮ್ಮ ಪದವೂ ಕಡಿಮೆಯದಲ್ಲ. 1ನೆಯ ಶತಮಾನದ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪು, ಊತ, ಬಿಸಿ, ನೋವು. ಉರಿಯೆಂಬುದರಲ್ಲಿ ಬಿಸಿಯೂ ನೋವೂ, ಮುಂದೆ ಊತವೂ ಸೇರಿ ಮೂರು ಲಕ್ಷಣಗಳು ನಮ್ಮ ಒಂದು ಪದದೊಳಗೇ ಅಡಗಿವೆ.

ಇನ್ನು ಕಾಯಿಲೆಯ ಮಾತುಗಳು. ನೀರಿನಂತೆ ಹೋಗುವುದು ಭೇದಿ ಅಥವಾ ಅತಿಸಾರ. ರಕ್ತವೋ ಲೋಳೆಯೋ ಬೆರೆತು ಹೊಟ್ಟೆ ನುಲಿಯುವುದು ಆಮಶಂಕೆ. ಎರಡಕ್ಕೂ ಚಿಕಿತ್ಸೆ ಬೇರೆಯಾಗಬಹುದಾದುದರಿಂದ ಎರಡನ್ನೂ ಒಂದೇ ಮಾತಿನಿಂದ ಹೇಳಬಾರದು. 'ಜುಲಾಬು' ಎಂಬ ಮಾತಿನಲ್ಲಿಯಂತೂ ವಿಶೇಷ ಎಚ್ಚರ ಬೇಕು. ಪಾರಸಿಯ 'ಗುಲಾಬ್', ಅಂದರೆ ಗುಲಾಬಿ ನೀರು, ಅರಬ್ಬಿಯಲ್ಲಿ 'ಜುಲಾಬ್' ಆಗಿ ಸಿಹಿ ಪಾನಕವಾಯಿತು. ನಮ್ಮ ದೇಶಕ್ಕೆ ಬಂದಮೇಲೆ ಭೇದಿಯ ಔಷಧವಾಯಿತು. ಮರಾಠಿಯಲ್ಲಿ 'ಜುಲಾಬ್' ಎಂದರೆ ಭೇದಿಯಾಗುವುದು. ಕನ್ನಡದಲ್ಲಿ ಭೇದಿಗೆ ತೆಗೆದುಕೊಳ್ಳುವ ಔಷಧವೂ ಜುಲಾಬೇ. ಅಜ್ಜಿ "ನಿನ್ನೆ ಜುಲಾಬಾಯಿತು" ಎಂದರೆ ತಾನಾಗಿ ಆಯಿತೋ, ಔಷಧ ಕುಡಿದು ಆಯಿತೋ ಎಂದು ಕೇಳಿಕೊಂಡೇ ವೈದ್ಯರಿಗೆ ಹೇಳಬೇಕು.

ಇದು ಬರಿಯ ಪದವಿಚಾರವಲ್ಲವೆಂಬುದು ಅಪೆಂಡಿಸೈಟಿಸ್ಸಿನಲ್ಲಿ ಸ್ಪಷ್ಟವಾಗುತ್ತದೆ. ದೊಡ್ಡ ಕರುಳಿನ ಆರಂಭದಲ್ಲಿ ಒಂದು ಕುರುಡು ಚೀಲವಿದೆ. ಅದರ ಲ್ಯಾಟಿನ್ ಹೆಸರು 'ಸೀಕಮ್' ಎಂಬುದಕ್ಕೂ ಕುರುಡು ಎಂದೇ ಅರ್ಥ. ಅದಕ್ಕೆ ತೂಗುಬಿದ್ದಿರುವ, ಹುಳುವಿನ ಆಕಾರದ ಚಿಕ್ಕ ಕೊಳವೆಯೇ ಅಪೆಂಡಿಕ್ಸ್, ಕನ್ನಡದಲ್ಲಿ ಕರುಳುವಾಳ. ಇದು ಬಾತಾಗ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಮೊದಲಾಗಿ, ಕೆಲವು ಗಂಟೆಗಳಲ್ಲಿ ಬಲಗಡೆಯ ಕಿಬ್ಬೊಟ್ಟೆಗೆ ಸರಿದು ಅಲ್ಲಿಯೇ ನೆಲೆಸುತ್ತದೆ. ಊಟ ಬೇಡವಾಗುತ್ತದೆ, ವಾಂತಿಯೂ ಸ್ವಲ್ಪ ಜ್ವರವೂ ಬರಬಹುದು. ಹೊಟ್ಟೆನೋವೆಂದ ಕೂಡಲೆ ಹರಳೆಣ್ಣೆ, ನಮ್ಮ ಉತ್ತರದ ಕಡೆಯವರು ಹೇಳುವ ಔಡಲೆಣ್ಣೆ, ಕುಡಿಸುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಬಾತ ಕರುಳುವಾಳಕ್ಕೆ ಜುಲಾಬು ಕೊಟ್ಟರೆ ಅದು ಒಡೆದು ವಿಷವು ಹೊಟ್ಟೆಯೊಳಗೆಲ್ಲ ಹರಡುವ ಭಯವುಂಟು. ಅಂಥ ಸಮಯದಲ್ಲಿ ಎಣ್ಣೆಯ ಬಾಟಲಿಯನ್ನು ಮುಟ್ಟದೆ ಆಸ್ಪತ್ರೆಗೆ ನಡೆಯಬೇಕು. ನೋವು ಎಷ್ಟು ಗಂಟೆಗೆ ಹುಟ್ಟಿತು, ಮೊದಲು ಎಲ್ಲಿತ್ತು, ಈಗ ಎಲ್ಲಿದೆ, ವಾಂತಿ ನೋವಿಗಿಂತ ಮೊದಲೋ ಅನಂತರವೋ ಎಂಬ ನಾಲ್ಕು ಸಂಗತಿಗಳನ್ನು ಅದೇ ಕ್ರಮದಲ್ಲಿ, ನಿಮಗೆ ಬಂದ ಭಾಷೆಯಲ್ಲಿ, ವೈದ್ಯರಿಗೆ ಹೇಳಿರಿ.