ಅಡುಗೆಮನೆಯ ಕೊಳವೆ: ಕಟ್ಟುವ ಕಾರಣ, ಬಿಡಿಸುವ ಕ್ರಮ

ಪಾತ್ರೆ ತೊಳೆಯುವ ತೊಟ್ಟಿಯ ನೀರು ಒಂದೇ ದಿನದಲ್ಲಿ ನಿಂತುಹೋಗುವುದಿಲ್ಲ. ಮೊದಲು ಹರಿವು ಮಂದವಾಗುತ್ತದೆ. ಆಮೇಲೆ ಗುಳುಗುಳು ಶಬ್ದ ಕೇಳಿಸುತ್ತದೆ. ಕಡೆಗೆ ಮುಸುರೆ ನೀರು ಮೇಲೇರಿ ನಿಲ್ಲುತ್ತದೆ. ಮೊದಲ ಸೂಚನೆಗೇ ಎಚ್ಚತ್ತುಕೊಂಡ ಗೃಹಸ್ಥರಿಗೆ ಇದು ಹೆಚ್ಚು ಹೊತ್ತಿನ ಕೆಲಸವಲ್ಲ.

ಬಿಸಿ ಬಾಣಲೆಯಿಂದ ಇಳಿದ ಎಣ್ಣೆ, ತುಪ್ಪಗಳು ಕೊಳವೆಯಲ್ಲಿ ತಣಿದು ಒಳಮೈಗೆ ಅಂಟಿಕೊಳ್ಳುತ್ತವೆ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದನ್ನು ಚಳಿಗಾಲದ ಸೀಸೆಯಲ್ಲಿ ಎಲ್ಲರೂ ಕಂಡಿದ್ದಾರೆ. ಗಡಸು ನೀರಿನ ಊರುಗಳಲ್ಲಿ ಸಾಬೂನು ಸುಣ್ಣದ ಅಂಶದೊಡನೆ ಕೂಡಿ ಕರಗದ ಕಿಟ್ಟವಾಗುತ್ತದೆ. ಈ ಜಿಡ್ಡಿಗೆ ಅನ್ನದ ಅಗುಳು, ಜೋಳದ ಹಿಟ್ಟಿನ ಲೋಳೆ, ಚಹದ ಚರಟಗಳು ಹತ್ತಿಕೊಂಡು ದಾರಿ ಕಿರಿದಾಗುತ್ತದೆ. ತೊಟ್ಟಿಯ ಕೆಳಗಿನ ಡೊಂಕು ಕೊಳವೆಯಲ್ಲಿ ಇವು ಹೆಚ್ಚಾಗಿ ಸಂಗ್ರಹವಾಗುತ್ತವೆ. ಆ ಡೊಂಕು ಕೆಲಸಗಾರರ ತಪ್ಪಲ್ಲ; ಅಲ್ಲಿ ಸದಾ ನಿಲ್ಲುವ ನೀರೇ ಚರಂಡಿಯ ದುರ್ವಾಯು ಮನೆಯೊಳಗೆ ಬರದಂತೆ ತಡೆಯುತ್ತದೆ.

ನಿಂತ ನೀರನ್ನು ಮೊಗೆದು ತೆಗೆದು, ಜಾಲರಿಯನ್ನು ತೊಳೆದು, ಬಿಸಿನೀರನ್ನು ನಿಧಾನವಾಗಿ ಸುರಿಯಬೇಕು. ಕುದಿಯುವ ನೀರು ಬೇಡ; ಅದು ಪ್ಲಾಸ್ಟಿಕ್ ಕೊಳವೆಯನ್ನು ಮೆದುವಾಗಿಸಿ ಕೀಲುಗಳನ್ನು ಸಡಿಲಿಸಬಲ್ಲದು. ಹರಿವು ಸರಿಯಾಗದಿದ್ದರೆ ರಬ್ಬರಿನ ಬಟ್ಟಲಿರುವ ಒತ್ತುಗೋಲನ್ನು ರಂಧ್ರದ ಮೇಲಿರಿಸಿ, ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸಿ, ಹತ್ತಿಪ್ಪತ್ತು ಬಾರಿ ಒತ್ತಿ ಎಳೆಯಬೇಕು. ತೊಟ್ಟಿಗೆ ಇನ್ನೊಂದು ರಂಧ್ರವಿದ್ದರೆ ಅದನ್ನು ಒದ್ದೆ ಬಟ್ಟೆಯಿಂದ ಮುಚ್ಚದ ಹೊರತು ಈ ಶ್ರಮವೆಲ್ಲ ವ್ಯರ್ಥ. ಅದೂ ಫಲಿಸದಿದ್ದರೆ, ಕೆಳಗೆ ಬಕೆಟ್ಟನ್ನಿಟ್ಟು ಡೊಂಕು ಕೊಳವೆಯನ್ನೇ ಬಿಚ್ಚಿ ತೊಳೆಯಬೇಕು. ಮರಳಿ ಜೋಡಿಸುವಾಗ ರಬ್ಬರಿನ ವಾಷರನ್ನು ಮರೆಯಬಾರದು. ಈ ಹೊಲಸಿಗೆ ಕೈಯಿಕ್ಕಲು ಹಿಂಜರಿಯುವವರು, ಕಸ ಗುಡಿಸುವುದನ್ನೇ ಕಾಯಕವಾಗಿಸಿಕೊಂಡಿದ್ದ ಶರಣೆ ಸತ್ಯಕ್ಕನನ್ನು ನೆನೆಯಬಹುದು.

ಅನೇಕರು ಇಷ್ಟು ಶ್ರಮವೇಕೆಂದು ನೇರವಾಗಿ ಕಾಸ್ಟಿಕ್ ಸೋಡಾ ಸುರಿಯುತ್ತಾರೆ. ಅದು ಜಿಡ್ಡನ್ನು ಸಾಬೂನಾಗಿ ಮಾರ್ಪಡಿಸುವುದೇನೋ ನಿಜ. ಆದರೆ ನೀರು ಸೋಕಿದೊಡನೆ ಅದು ತೀವ್ರವಾಗಿ ಕಾಯುತ್ತದೆ. ಕೊಳವೆ ಪೂರ್ಣ ಕಟ್ಟಿದ್ದರೆ ಇಳಿಯದೆ ಅಲ್ಲಿಯೇ ನಿಲ್ಲುತ್ತದೆ. ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು; ಕೂಡಲೇ ಧಾರಾಳವಾಗಿ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಶೌಚಾಲಯ ತೊಳೆಯುವ ಆಮ್ಲಕ್ಕೆ ಬ್ಲೀಚಿಂಗ್ ಪುಡಿ ಕೂಡಿದರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಅಡುಗೆ ಸೋಡಾ ಮತ್ತು ವಿನೆಗರ್‌ಗಳ ಮಿಶ್ರಣ ನಿರಪಾಯವಾದರೂ ಒಂದು ಇನ್ನೊಂದರ ಗುಣವನ್ನು ಕಳೆಯುವುದರಿಂದ, ನೊರೆಯ ಸಡಗರವೇ ಹೆಚ್ಚು, ಪ್ರಯೋಜನ ಅಲ್ಪ.

ತಡೆ ಇನ್ನೂ ಮುಂದೆ ಇದ್ದು ಕೊಳಾಯಿ ಕೆಲಸದವರನ್ನು ಕರೆಸಬೇಕಾದಾಗ, ಒಳಗೆ ಏನನ್ನು ಸುರಿಯಲಾಗಿದೆಯೆಂಬುದನ್ನು ಅವರು ಕೈಯಿಡುವ ಮೊದಲೇ ತಿಳಿಸಬೇಕು.