ತಿಂಗಳ ಸಾಮಾನು: ಬಂಟ್ವಾಳವೋ, ಬೆಳ್ತಂಗಡಿಯೋ, ಮೂಡುಬಿದಿರೆಯೋ?

ಪ್ರಶ್ನೆ: ನಮ್ಮ ಮನೆ ಸಿದ್ದಕಟ್ಟೆ ಹತ್ತಿರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಪೇಟೆಗೆ ಮನೆಯವರು ಹೋಗಿಬರುತ್ತಾರೆ. ದರ, ಗುಣಮಟ್ಟ, ಆಯ್ಕೆ ನೋಡಿದರೆ ಯಾವ ಊರಿನ ಸೂಪರ್ ಮಾರ್ಕೆಟ್ ಒಳ್ಳೆಯದು?

ಉತ್ತರ: ಸೋಪು, ಪೇಸ್ಟು, ಬಿಸ್ಕತ್ತು, ಚಹಾಪುಡಿಗಾಗಿ ಊರು ಬದಲಿಸಬೇಡಿ. ಒಂದೇ ಪ್ಯಾಕೆಟ್ಟಿನ ಎಂಆರ್‌ಪಿ ಮೂರೂ ಕಡೆ ಹೆಚ್ಚುಕಡಿಮೆ ಒಂದೇ. ಅಂಗಡಿಯವರು ಬಿಡುವ ಎರಡು ಮೂರು ರೂಪಾಯಿ ಬಸ್ ಚಾರ್ಜಿಗೂ ಸಾಲದು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ನಿಜ. ಆದರೆ ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ.

ದುಡ್ಡು ಉಳಿಯುವುದೂ ಕಳೆಯುವುದೂ ಅಕ್ಕಿ ಮತ್ತು ಎಣ್ಣೆಯಲ್ಲಿ. ಲೇಬಲ್ ಅಂಟಿಸಿದ 25 ಕೆ.ಜಿ.ವರೆಗಿನ ಅಕ್ಕಿ ಪ್ಯಾಕೆಟ್ಟಿಗೆ 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ ಬಿತ್ತು. ಬಿಡಿ ಅಕ್ಕಿಗೆ ಅದಿಲ್ಲ, 25 ಕೆ.ಜಿ. ಮೀರಿದ ಚೀಲಕ್ಕೂ ಇಲ್ಲ. ಅಂಗಡಿಗಳಲ್ಲಿ 26 ಕೆ.ಜಿ.ಯ ಚೀಲಗಳು ಕಾಣತೊಡಗಿದ್ದು ಇದೇ ಕಾರಣಕ್ಕೆ. ಹಾಗಾಗಿ ಕುಚ್ಚಲಕ್ಕಿಯನ್ನು ಚೆಂದದ ಐದು ಕೆ.ಜಿ. ಪ್ಯಾಕೆಟ್ಟಿನಲ್ಲಿ ತರುವುದು ನನ್ನ ಮಟ್ಟಿಗೆ ದಂಡ. ಕಾರ್ಕಳ ಕಡೆಯ ಮಿಲ್ಲುಗಳ ಅಕ್ಕಿಯನ್ನು ಮೊದಲು ಒಂದೆರಡು ಕೆ.ಜಿ. ಬಿಡಿಯಾಗಿ ತಂದು ಬೇಯಿಸಿ ನೋಡಿ. ಮುಗ್ಗಲು ವಾಸನೆ ಇಲ್ಲದೆ, ಅನ್ನ ಒಡೆಯದೆ, ಗಂಜಿ ತಿಳಿ ಮಂದವಾಗಿ ಬಂದರೆ ಚೀಲ ಹೊತ್ತು ತನ್ನಿ. ಮಳೆಗಾಲಕ್ಕೆ ಎರಡು ಚೀಲ ಒಟ್ಟಿಗೆ ಬೇಡ, ಹುಳ ಬೀಳುತ್ತದೆ.

ಎಣ್ಣೆಯಲ್ಲಿ ಕಣ್ಣು ಮೋಸ ಹೋಗುವುದು ಹೆಚ್ಚು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ನೋಡಲು ಅಷ್ಟೇ ದೊಡ್ಡದಾದ 750, 800, 850 ಗ್ರಾಮಿನ ಪೌಚುಗಳೂ ಅದರ ಪಕ್ಕದಲ್ಲೇ ಇರುತ್ತವೆ. 910 ಗ್ರಾಮಿಗೆ 150 ರೂಪಾಯಿ, 750 ಗ್ರಾಮಿಗೆ 130 ರೂಪಾಯಿ ಎಂದಿಟ್ಟುಕೊಳ್ಳಿ. ಎರಡನೆಯದೇ ಅಗ್ಗ ಅನಿಸುತ್ತದೆ. ಲೆಕ್ಕ ಹಾಕಿ: ಮೊದಲನೆಯದು ನೂರು ಗ್ರಾಮಿಗೆ 16.48, ಎರಡನೆಯದು 17.33. ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಎಷ್ಟು ಬೀಳುತ್ತದೆ ಎಂಬ ಯುನಿಟ್ ದರವನ್ನು ಈಗ ಪ್ಯಾಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಕನ್ನಡಕ ಹಾಕಿಕೊಂಡಾದರೂ ಅದನ್ನು ಓದಿ. ತೆಂಗಿನೆಣ್ಣೆಗೆ ಮಾತ್ರ ಸೂಪರ್ ಮಾರ್ಕೆಟ್ಟಿನ ಹಂಗೇಕೆ? ಮನೆಯ ಕೊಬ್ಬರಿ ಇದ್ದರೆ ಮಿಲ್ಲಿಗೆ ಕೊಟ್ಟು ಮಾಡಿಸಿ.

ತರಕಾರಿ ವಿಚಾರದಲ್ಲಿ ನಾನು ಸಂತೆಯ ಪರ. ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿ ಊರಲ್ಲೇ ಬೆಳೆದದ್ದು ಸಿಗುವಾಗ ತಣ್ಣನೆ ಕಪಾಟಿನದ್ದು ಯಾಕೆ? ಟೊಮೆಟೊ, ಬಟಾಟೆ, ಕ್ಯಾರೆಟ್ ಘಟ್ಟದಿಂದಲೇ ಇಳಿಯಬೇಕು. ಅವುಗಳ ದರ ಎಲ್ಲಿ ಹೋದರೂ ಏರಿಳಿಯುತ್ತದೆ.

ಆಯ್ಕೆಯ ಪ್ರಶ್ನೆಗೆ: ಬಂಟ್ವಾಳದ ಹೆದ್ದಾರಿ ಬದಿಯ ಬಿ.ಸಿ.ರೋಡ್ ಮಂಗಳೂರಿಗೆ ಹತ್ತಿರ, ಹಾಗಾಗಿ ಆಯ್ಕೆಗೆ ಅದೇ ವಾಸಿ. ಮೂಡುಬಿದಿರೆಯಲ್ಲಿ ಹಾಸ್ಟೆಲ್ ಮಕ್ಕಳಿಂದ ತಿಂಡಿ ಪ್ಯಾಕೆಟ್ಟುಗಳು ಬೇಗ ಖಾಲಿಯಾಗುತ್ತವೆ, ಹೊಸ ಸರಕು ಬರುತ್ತಿರುತ್ತದೆ. ನಿಮ್ಮ ಜಾಗದಿಂದ ಬೆಳ್ತಂಗಡಿಗೆ ಬೇರೆ ಕೆಲಸವಿದ್ದಾಗ ಮಾತ್ರ ಹೋಗಿ. ಯಾವ ಊರಾದರೂ ಸರಿ, ಬೇಳೆ, ರವೆ, ಮಸಾಲೆಯ ಪ್ಯಾಕಿಂಗ್ ದಿನಾಂಕ ನೋಡಿ. ಬಿಲ್ ಕೇಳಿ ಪಡೆಯಿರಿ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ, ತೂಕ ಕಡಿಮೆ ಬಂದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.